ಹಾವು ತಿರುಗಿದ ಕಡೆ

ಅಂಗಡಿಯ ಜಾಗದಲ್ಲೀಗ ಫೋನು ರಿಪೇರಿಯವನಿದ್ದಾನೆ.
ಆದರೂ ಕೇಳಿಕೊಂಡು ಕೇಳಿಕೊಂಡು ಬಂದ
ವೆಂಡೆಲ್ ಕ್ರೌಚ್, ಒಹಾಯೋದವನು,
ಶಾಲೆಯ ಬಸ್ಸು ಓಡಿಸಿ ನಿವೃತ್ತನಾದವನು.
ಬಗಲಲ್ಲಿ ಮೂರು ದಪ್ಪ ಆಲ್ಬಮ್ಮು,
ಉದೋನಿನ ಏಪ್ರಿಲ್ ಬಿಸಿಲಿಗೆ ಬೆಂದ ಮೂಗು.
ಹೊಸಿಲಲ್ಲಿ ಬೂಟು ಬಿಚ್ಚಿದ. ಕಾಲುಚೀಲ ತೂತು.

ಪ್ಲಾಸ್ಟಿಕ್ಕಿನ ಒಂದೊಂದು ಜೇಬಿನಲ್ಲೂ ಒಂದೊಂದು ಬಿಲ್ಲೆ:
ಚುಟ್ಟಾ ಸೇದುವ ಚೇಳು,
ದಾಳ ಉರುಳಿಸುವ ಅಸ್ಥಿಪಂಜರ,
ಚಂದ್ರನ ಮೇಲೆ ಸವಾರಿ ಕೂತ ಹೇಸರಗತ್ತೆ.
ಹುಡುಗರ ತೋಳಿಗಂಟಿ, ಬೆವರು ಕುಡಿದು,
ಬೆಳಿಗ್ಗೆ ಹಾರಿ ಸಂಜೆಗೆ ಬಂದವು,
ಬಂದರೆ.

ನೀನೂ ಹಾರಿಸುತ್ತಿದ್ದೆಯಾ, ಕೇಳಿದೆ.
ತಂಗಿಯ ಮೊಮ್ಮಗಳು ಪಿಮ್ ಅವನ ಭಾಷೆಗೆ ದಾಟಿಸಿದಳು.
ಇಲ್ಲವಂತೆ. ಆಗವನಿಗೆ ಒಂಬತ್ತು ವರ್ಷ.
ನೆರೆಮನೆಯಾಕೆ ಅಂಗಳದಲ್ಲಿ ಹಳೆಬಟ್ಟೆ ಮಾರಲಿಟ್ಟಾಗ
ಒಂದು ಜಾಕೆಟ್ಟು, ಅದರ ತೋಳಲ್ಲಿ
ಕೊಕ್ಕಿನಲ್ಲಿ ಬಾಂಬು ಕಚ್ಚಿದ ಮಿಂಚುಳ್ಳಿ.
ಯಾರ ಜಾಕೆಟ್ಟು ಎಂದು ಕೇಳಬಾರದೆಂದು
ಅವನಮ್ಮ ಕೈ ಚಿವುಟಿದಳಂತೆ.
ಅಲ್ಲಿಂದ ಹಿಡಿದ ಹುಚ್ಚು.

ವೈದ್ಯನ ಹಾಗೆ ಮಾತಾಡುತ್ತಾನೆ ಮನುಷ್ಯ.
ಅಂಚು ಮಷೀನಿನದಾದರೆ ಅವರ ದೇಶದ್ದು;
ಬೆನ್ನ ಮೇಲೆ ದಾರ ಸಿಕ್ಕುಸಿಕ್ಕಾಗಿದ್ದರೆ ನಮ್ಮದು.
ಮೂಸಿ ನೋಡುತ್ತಾನೆ. ಆಮೇಲೆ ಪರದೆ ಎಳೆಸಿ
ಬೆರಳಷ್ಟು ಉದ್ದದ ನೇರಳೆ ದೀಪ ಹಚ್ಚುತ್ತಾನೆ:
ಹಳೆಯ ಹತ್ತಿನೂಲು ಕತ್ತಲಲ್ಲಿ ಸುಮ್ಮನಿರುತ್ತದೆ,
ಹೊಸನೂಲು ಫಳಕ್ಕನೆ ಹೊಳೆದು ಸಿಕ್ಕಿಬೀಳುತ್ತದೆ.

ಮಿಂಚುಳ್ಳಿ ಸುಮ್ಮನಿತ್ತು.
ಇದರಲ್ಲಿ ಎಸ್ ಅಕ್ಷರ ಉಲ್ಟಾ ಇದೆಯಲ್ಲ,
ಅದಕ್ಕೇ ನಾನೂರು ಡಾಲರು, ಅಂದ.
ತಪ್ಪಿಗೆ!
ನಮ್ಮ ಲೆಕ್ಕದ ಎರಡು ಸಾವಿರದ ಐನೂರ ಹನ್ನೊಂದನೇ ಇಸವಿ,
ನನಗೆ ಹತ್ತೊಂಬತ್ತು, ಬಿಲ್ಲೆಗೆ ಹದಿನೈದು ಬಾತ್.
ತಲೆಯ ಮೇಲೆ ವಿಮಾನ ಹೋದಾಗಲೆಲ್ಲ
ಮೇಜಿನಿಂದ ಗುಂಡುಸೂಜಿ ಉದುರುತ್ತಿದ್ದವು.
ಇಂಗ್ಲಿಷ್ ಯಾರಿಗೆ ಬರುತ್ತಿತ್ತು?
ನನಗದು ಅಕ್ಷರವಲ್ಲ, ಹಾವು.
ಹಾವು ಯಾವ ಕಡೆ ತಿರುಗಿದರೇನು, ಹಾವೇ.

ಕೊನೆಯ ಪುಟ ಮಗುಚಿದ, ಮುಖ ಹುಳ್ಳಗೆ ಮಾಡಿ.
ಮೋಸ ಹೋಗಿ ಕೊಂಡವಂತೆ.
ಅಲ್ಲೂ ಒಂದು ಮಿಂಚುಳ್ಳಿ. ಅದೇ ಬಾಂಬು, ಅದೇ ಹಾವು.
ದೀಪ ಹಿಡಿದ: ನೀಲಿಯಾಗಿ ಉರಿಯಿತು,
ಹಬ್ಬದ ಅಂಗಡಿಯ ಹಾಗೆ.

ಬೆನ್ನು ತಿರುಗಿಸಿ ಬೆರಳಾಡಿಸಿದೆ.
ಮೂರು ಸುತ್ತು, ಒಂದು ಕುಣಿಕೆ, ಹಲ್ಲಲ್ಲಿ ಕಡಿದ ತುದಿ.
ಇಂಥ ಗಂಟು ಹಾಕುವ ಕೈ ಈ ಊರಲ್ಲಿ ಒಂದೇ.
ಬಾತ್ ಬಿದ್ದುಹೋದ ವರ್ಷ ಅದು,
ಗಂಡನ ಡಯಾಲಿಸಿಸ್ಸು ವಾರಕ್ಕೆರಡು ಸಲ.
ಬ್ಯಾಂಕಾಕಿನ ದಲ್ಲಾಳಿ ಒಂದು ಹಳೆ ಮಾದರಿ ತಂದು
ಇಂಥವೇ ಅರವತ್ತು ಬೇಕು ಅಂದ.
ಹೊಲಿದು, ಚಹಾದಲ್ಲಿ ಅದ್ದಿ, ಮರಳಲ್ಲಿ ಉಜ್ಜಿ,
ಬಿಸಿಲಿಗೆ ಹರವಿ ಮುದಿ ಮಾಡಿದೆ.
ಆ ಹೊತ್ತಿಗೆ ಅಕ್ಷರ ಕಲಿತಾಗಿತ್ತು.
ಹಾವನ್ನು ಬೇಕೆಂದೇ ತಿರುಗಿಸಿದೆ.
ಕಷ್ಟವಾಯಿತು. ಎರಡು ಸಲ ಸರಿಯಾಗಿಬಿಟ್ಟು
ಬಿಚ್ಚಬೇಕಾಯಿತು.

ಇದು ಯಾರ ಕೆಲಸವೆಂದು ಗೊತ್ತೇ, ಕೇಳಿದ.
ಎರಡೂ ನನ್ನವೇ, ಅಂದೆ.
ಡಯಾಲಿಸಿಸ್ಸು, ದಲ್ಲಾಳಿ, ಚಹಾ, ಎಲ್ಲ ಹೇಳಿದೆ.
ಪಿಮ್ ನನ್ನ ಮುಖ ನೋಡಿದಳು, ಅವನ ಮುಖ ನೋಡಿದಳು,
ಆಮೇಲೆ ಮೂರೇ ಮೂರು ಪದ ಆಡಿದಳು.
ಅವು ಯಾವುವೋ.

ಕೈಯಲ್ಲಿ ಬಿಲ್ಲೆ ಹಿಡಿದು ಬಹಳ ಹೊತ್ತು ಕೂತ,
ಯಾವ ಪುಟಕ್ಕೆ ಸೇರಿಸಲಿ ಎನ್ನುವ ಹಾಗೆ
ಮುಂದಕ್ಕೂ ಹಿಂದಕ್ಕೂ ಮಗುಚುತ್ತ.
ಕೊನೆಗೆ ಅಂಗಿಯ ಜೇಬಿಗೆ ಹಾಕಿಕೊಂಡ.

ಆ ಅಂಗಿಯ ಎರಡನೇ ಗುಂಡಿ ಜೋಲುತ್ತಿತ್ತು.
ಬಗ್ಗು, ಅಂದೆ. ಹಾಗೇ ಮೈಮೇಲೆಯೇ ಹೊಲಿದೆ,
ಮೂರು ಸುತ್ತು, ಒಂದು ಕುಣಿಕೆ.
ತುದಿ ಕಡಿಯಲು ಹಲ್ಲಿಲ್ಲ ಈಗ, ಕತ್ತರಿ ಬೇಕಾಯಿತು.
ಹದಿನೈದು ಬಾತ್, ಅಂದೆ.
ನೂರು ಕೊಟ್ಟ.
ಡಬ್ಬಿ ತೆಗೆದು ಎಂಬತ್ತೈದು ಎಣಿಸಿ ಕೊಟ್ಟೆ.