ಕಾವು ಕಳೆಯುವ ಕೆಲಸ

ಹಗಲೆಲ್ಲ ನನ್ನ ಕೆಲಸ ಊರಿಗೆ ಕಾವು ಕಳಿಸುವುದು:
ಯಾಕುತ್ಸ್ಕ್, ಎರಡನೇ ಬಾಯ್ಲರ್ ಮನೆ,
ಆರು ಕವಾಟ, ಒಂದು ಕೆಂಪು ಗೆರೆ.
ಸಂಜೆ ಬೂಟು ಬಿಚ್ಚಿ, ರೆಪ್ಪೆಯ ಹಿಮ ಒರೆಸಿ
ಕೂರುವುದು ಉಗುರಗಲದ ಸಿಲಿಕಾನ್ ಚೂರಿನ ಮುಂದೆ,
ಅದರ ಕಾವು ಕಳೆಯಲಿಕ್ಕೆ.
ನಗಬೇಡಿ. ಮಗಳು ಕ್ಯುನ್ನೇ ಆಗಲೇ ನಕ್ಕಾಗಿದೆ.

ಪೆಟ್ಟಿಗೆಯ ಒಂದೊಂದು ಅಂಗಕ್ಕೂ ಒಂದೊಂದು ತವರು.
ಮದರ್‌ಬೋರ್ಡು, ಬಾಗಿಲು ಹಾಕಿದ ಭೂಗರ್ಭ ಕಚೇರಿಯದು.
ಪವರ್ ಸಪ್ಲೈ, ಅಫನಾಸಿಯ ಮೀನಂಗಡಿಯ ಗಲ್ಲಾದ ಕೆಳಗಿದ್ದದ್ದು;
ಬಿಸಿಯಾದಾಗಲೆಲ್ಲ ಮೊದಲ ವಾರ ಮೀನಿನ ವಾಸನೆ.
ಪ್ರೊಸೆಸರೊಂದೇ ಹೊಸದು, ನೊವೊಸಿಬಿರ್ಸ್ಕಿನಿಂದ ಅಂಚೆಯಲ್ಲಿ.
ಹೊಸದೆಂದರೆ, ನನಗೆ ಹೊಸದು.
ಮೂಲೆಯ ಎರಡು ಪಿನ್ನು ಬಾಗಿದ್ದವು.
ಸೀಸ ತೆಗೆದ ಪೆನ್ಸಿಲಿನ ಮೂತಿಯೊಳಗೆ ಅವನ್ನು ತೂರಿಸಿ
ಉಸಿರು ಬಿಗಿಹಿಡಿದು ನೆಟ್ಟಗೆ ಮಾಡಿದೆ,
ಇಪ್ಪತ್ತು ವರ್ಷ ಕಬ್ಬಿಣದ ಚಕ್ರ ತಿರುಗಿಸಿದ ಇದೇ ಕೈಯಿಂದ.

ಮುಚ್ಚಳದ ಮೇಲೆ ಕಾರ್ಖಾನೆ ಕೆತ್ತಿದ್ದು ಮೂರೂವರೆ.
ಹಾಸಿಗೆ ಇದ್ದಷ್ಟು ಕಾಲು ಚಾಚು ಅಂದ ಹಾಗೆ.
ಹಾಸಿಗೆ ಅಳೆದವನು ನನ್ನ ಕಿಟಕಿಯಾಚೆಯ
ಮೈನಸ್ ನಲವತ್ತೇಳನ್ನು ಅಳೆದಿದ್ದನೇ?

ಕಿಟಕಿಯ ಮೂಲೆಯ ಸಣ್ಣ ಗಾಜು ತೆರೆದೆ,
ವ್ಯಾಕ್ಯೂಮ್ ಕ್ಲೀನರಿನ ಹಳೆ ಕೊಳವೆ ತೂರಿಸಿದೆ,
ಸಂದಿಗೆಲ್ಲ ಸವೆದ ಉಣ್ಣೆಬೂಟಿನ ತುಂಡು ತುರುಕಿ
ಚಳಿಯನ್ನು ನೇರ ಹೀಟ್‌ಸಿಂಕಿನ ಹಲ್ಲುಗಳಿಗೆ ಬಿಟ್ಟೆ.
ಗ್ರೀಸು ಗಟ್ಟಿಯಾಗಿ ಫ್ಯಾನು ಮೊದಲು ನರಳಿತು
ಬೆಳಗಿನ ಬಸ್ಸಿನ ಹಾಗೆ. ಆಮೇಲೆ ಹಿಡಿದುಕೊಂಡಿತು.

ನಾಲ್ಕು. ನಾಲ್ಕು ಎರಡು.
ವೋಲ್ಟೇಜು ಒಂದು ಚಿಟಿಕೆ, ಉಪ್ಪು ಹಾಕುವ ಹಾಗೆ.
ನಾಲ್ಕೂವರೆ. ಅವಿಭಾಜ್ಯ ಸಂಖ್ಯೆ ಹುಡುಕಲು ಹಚ್ಚಿ
ಟೀ ಕುಡಿದೆ. ಯಾರಿಗೂ ಬೇಡದ ಸಂಖ್ಯೆಗಳು;
ಎಂಟೂ ಕೋರುಗಳು ಚಕಾರವೆತ್ತದೆ ಹುಡುಕಿದವು.
ನಾಲ್ಕು ಎಂಟು: ನೀಲಿ ಪರದೆ.
ಇನ್ನೊಂದು ಚಿಟಿಕೆ. ನೀಲಿ ಪರದೆ. ಇನ್ನೊಂದು.
ನಿಂತಿತು, ನಲವತ್ತೊಂದು ಡಿಗ್ರಿಯಲ್ಲಿ,
ಜ್ವರ ಬಂದ ಮಗುವಿನ ಹಣೆಯಷ್ಟೇ ಬಿಸಿ.

"ಸಾಕಮ್ಮ" ಅಂದಳು ಕ್ಯುನ್ನೇ, ಕೋಟು ಹೊದ್ದೇ ಸೂಪು ಕುಡಿಯುತ್ತ,
"ಅದರಲ್ಲಿ ನೀನು ಆಡುವುದು ಇಸ್ಪೀಟು ತಾನೆ?"
ಹೌದು, ಇಸ್ಪೀಟು. ಮತ್ತೆ ಮನೆಖರ್ಚಿನ ಲೆಕ್ಕ.
ಆದರೆ ಐದು ಅನ್ನುವ ಅಂಕಿಯಿದೆಯಲ್ಲ,
ಬೂಟಿನೊಳಗಿನ ಕಲ್ಲು ಅದು.

ಐದಕ್ಕೆ ಹಚ್ಚಿ ಕುರ್ಚಿಯಲ್ಲೇ ನಿದ್ದೆಹೋದೆ.
ರಾತ್ರಿ ಯಾವಾಗಲೋ ಅದು ಸದ್ದಿಲ್ಲದೆ ಕೈಚೆಲ್ಲಿತ್ತು.
ಕೊಳವೆಗೇನು ಗೊತ್ತು,
ಸತ್ತದ್ದರ ಮುಖಕ್ಕೂ ಊದುತ್ತಲೇ ಇತ್ತು.
ಬೆಳಗ್ಗೆ ನೋಡಿದರೆ ಹೀಟ್‌ಸಿಂಕಿನ ತುಂಬ ಬಿಳಿ ತುಪ್ಪಳ,
ಸಾಕೆಟ್ಟಿನ ಸುತ್ತ ಹಿಮದ ಉಗುರು.
ನಮ್ಮಿಬ್ಬರ ಉಸಿರು, ಸೂಪಿನ ಆವಿ,
ಹಗ್ಗದ ಮೇಲೆ ಹರವಿದ ಒದ್ದೆ ಅಂಗಿ,
ಮನೆಯ ಪಸೆಯೆಲ್ಲ ಬಂದು ಅಲ್ಲಿ ಕೂತಿತ್ತು.
ಸ್ವಿಚ್ಚಿನ ಕಡೆ ಹೊರಟ ನನ್ನ ಕೈಗೆ ನಾನೇ ಹೊಡೆದೆ.

ಎಲ್ಲ ಬಿಚ್ಚಿದೆ. ತಿರುಪುಗಳು ಟೀ ಬಸಿಯಲ್ಲಿ.
ಬೋರ್ಡನ್ನು ಟವೆಲಿನಲ್ಲಿ ಸುತ್ತಿ
ರೇಡಿಯೇಟರಿನ ಮೇಲೆ ಮಲಗಿಸಿದೆ, ನಾಲ್ಕು ದಿನ.
ಅಷ್ಟೂ ದಿನ ಬಾಯ್ಲರ್ ಮನೆಯಲ್ಲಿ
ನಮ್ಮ ಬೀದಿಯ ಕವಾಟ ಅರ್ಧ ಸುತ್ತು ಹೆಚ್ಚು ತೆರೆದಿದ್ದು
ಯಾವ ಲೆಡ್ಜರಿನಲ್ಲೂ ಇಲ್ಲ.
ಕೆಳಗಿನ ಮನೆಯ ಮುದುಕ ಪ್ರೊಕೋಪಿ ಮೆಟ್ಟಿಲಲ್ಲಿ ನಿಲ್ಲಿಸಿ
"ವರ್ವಾರಾ, ಈ ವಾರ ಬನಿಯನ್ನಿನಲ್ಲೇ ಕೂತಿದ್ದೆ,
ದೇವರು ದೊಡ್ಡವನು" ಎಂದ.
ಹೂಂ ಅಂದೆ.

ಐದನೇ ದಿನ ಒಂದು ಬೀಪ್,
ಗಂಟಲು ಸರಿಮಾಡಿಕೊಂಡ ಹಾಗೆ.
ಗಾಜು ಮುಚ್ಚಿ ನಾಲ್ಕು ನಾಲ್ಕಕ್ಕೆ ಇಟ್ಟಿದ್ದೇನೆ ಈಗ.
ಇಸ್ಪೀಟಿಗೆ ಅದೇ ಜಾಸ್ತಿ.
ಕೊಳವೆ ಮಾತ್ರ ಬಾಗಿಲ ಹಿಂದೆ ಸುತ್ತಿಟ್ಟಿದ್ದೇನೆ, ಎಸೆದಿಲ್ಲ.
ಜನವರಿ ಇನ್ನೂ ಬರಬೇಕು.