ಒತ್ತುವುದಕ್ಕೂ ಬಿಡುವುದಕ್ಕೂ ನಡುವೆ

ನೋಟ್‌ಪ್ಯಾಡಿನಲ್ಲಿ ಬರುತ್ತೆ.
ನಮ್ಮ ಖಾಲಾನ ಹೊಲಿಗೆ ಮೆಷಿನ್ನಿನ ಪೆಡಲು ತುಳಿದರೆ ಸಾಕು,
ಬಿಳಿ ಹಾಳೆಯ ಮೇಲೆ ಡಬ್ಲ್ಯೂ ಡಬ್ಲ್ಯೂ ಡಬ್ಲ್ಯೂ,
ಬೆಲ್ಲ ಕಂಡ ಇರುವೆಯ ಸಾಲು.
ಆಟದೊಳಗೆ ಮಾತ್ರ
ಲಾರಿ ನಿಂತಲ್ಲೇ ನಿಂತಿದೆ.
ಇಂಜಿನ್ನು ಗುರುಗುರು ಅನ್ನುತ್ತೆ, ಮುಂದೆ
ಯಾವುದೋ ಯುರೋಪಿನ ಖಾಲಿ ರಸ್ತೆ.

ಹಾಸನದ ಆರ್‌ಟಿಓ ಆಫೀಸಿನೆದುರು ನನ್ನ ಅಂಗಡಿ:
ಒಂದು ಜೆರಾಕ್ಸು, ಒಂದೂವರೆ ಕಂಪ್ಯೂಟರು, ನಾನು.
ಕುರ್ಚಿಯಲ್ಲಿ ದ್ಯಾವಣ್ಣ.
ಹತ್ತೊಂಬತ್ತು ವರ್ಷ ಶಿರಾಡಿ ಇಳಿಸಿ ಹತ್ತಿಸಿದ ಬಲಗೈ
ಈಗ ತೊಡೆಯ ಮೇಲೆ, ಯಾರೋ ಬಸ್ಸಿನಲ್ಲಿ
ಮರೆತು ಹೋದ ಕೊಡೆಯ ಹಾಗೆ.
ಲೈಸೆನ್ಸ್ ಆಗಲ್ಲ ಎಂಬ ಕಾಗದವನ್ನು ಅವನಿಗೆ
ಜೋರಾಗಿ ಓದಿ ಹೇಳಿದವಳು ನಾನೇ.
ಅದಕ್ಕೇ ಇರಬೇಕು
ಅಕ್ಕನ ಮಗನ ಆಟ ತೋರಿಸಿ ಅವನು ಕೇಳಿದಾಗ
ಇಲ್ಲ ಅನ್ನಲಾಗಲಿಲ್ಲ.
ಎಡಗೈಗೆ ಸ್ಟೇರಿಂಗು, ಕಾಲಿಗೆ ಎಕ್ಸಿಲೇಟರು. ಅಷ್ಟೇ.

ಪೆಡಲಿನಿಂದ ಒಂದು ತಂತಿ, ತಂತಿಯ ಆಚೆಗೆ
ನಾನು ಬರೆದ ನಲವತ್ತು ಸಾಲಿನ ಪ್ರೋಗ್ರಾಮು.
ಇಲ್ಲದ ಬೆರಳು ಇದ್ದ ಕೀಲಿಯನ್ನು ಒತ್ತಿತೆಂದು
ಸುಳ್ಳು ಸಾಕ್ಷಿ ಹೇಳುವುದು ಅದರ ಕೆಲಸ.
ನೋಟ್‌ಪ್ಯಾಡು ನಂಬುತ್ತೆ, ಪಾಪ, ಯಾರು ಏನಂದರೂ ನಂಬುತ್ತೆ.

ಅಡ್ಮಿನಿಸ್ಟ್ರೇಟರ್ ಮಾಡಿ ಓಡಿಸಿದೆ. ಹಿತ್ತಿಲಲ್ಲಿ ನಿಂತವರ ಕೂಗು
ಪಡಸಾಲೆಗೆ ಕೇಳಿಸದೇನೋ ಅಂತ.
ಆಂಟಿವೈರಸ್ಸನ್ನು ಮಲಗಿಸಿದೆ.
ಆಟದ ಕಿಟಕಿಯೇ ಮುಂದಿದೆಯೇ ಅಂತ ಮೂರು ಸಲ ನೋಡಿದೆ.
ಮೂರು ಸಂಜೆ. ಬೀದಿದೀಪ ಹತ್ತಿತು, ಆರಿತು.
ದ್ಯಾವಣ್ಣ ಟೀ ತರಿಸಿದ, ನನ್ನದು ಆರಿ ಕೆನೆಗಟ್ಟಿತು.

ನಾಲ್ಕನೆಯ ದಿನ ಮಧ್ಯಾಹ್ನ
ಎದುರಿನ ಕೌಂಟರಿನ ಗುಮಾಸ್ತ ಯಾರ ಮೇಲೋ ರೇಗುತ್ತಿದ್ದ:
‘ಹೆಸರು ಕಟ್ಕೊಂಡು ನಾನೇನ್ರೀ ಮಾಡ್ಲಿ? ನಂಬರ್ ಹೇಳಿ, ನಂಬರ್!’
ಕೈಯಲ್ಲಿದ್ದ ಸ್ಟೇಪ್ಲರು ಹಾಗೇ ಉಳಿಯಿತು.
ನಾನೂ ಇಷ್ಟು ದಿನ ಹೆಸರೇ ಹೇಳುತ್ತಿದ್ದೆ, ಡಬ್ಲ್ಯೂ ಅಂತ.
ಆಟಕ್ಕೆ ಹೆಸರು ಗೊತ್ತಿಲ್ಲ. ಅದು ಕೇಳುವುದು
ಮರದ ಹಲಗೆಯೋ ಪ್ಲಾಸ್ಟಿಕ್ಕೋ, ಆ ಮಣೆಯ ಮೇಲೆ
ಎಷ್ಟನೆಯ ಕೀಲಿ ಅಂತ.
ಹದಿನೇಳು, ಅಂದೆ.

ಲಾರಿ ಅಲುಗಿತು. ನಿಂತಿತು.
ಹತ್ತು ಸಲ ತುಳಿದರೆ ಒಂದು ಸಲ ಅಲುಗುತ್ತೆ,
ಬಿಕ್ಕಳಿಕೆ ಬಂದ ಹಾಗೆ.

ದ್ಯಾವಣ್ಣ ಪರದೆ ನೋಡಲಿಲ್ಲ, ತನ್ನ ಕಾಲು ನೋಡಿದ.
‘ಸಬೀಹವ್ವ, ನಿನ್ ಮೆಷಿನ್ನು ಒತ್ತಿದ್ ತಕ್ಷಣ ಬುಡ್ತದೆ ಕಣವ್ವ.
ನಾನಿನ್ನೂ ತುಳ್ಕೊಂಡೇ ಇವ್ನಿ.’

ಹೌದು. ನನ್ನ ಸಾಲುಗಳಲ್ಲಿ
ಒತ್ತು ಎಂಬುದರ ಬೆನ್ನಿಗೇ ಬಿಡು ಅಂತಿತ್ತು.
ಎರಡರ ನಡುವೆ ಒಂದು ಉಸಿರಿಗೂ ಜಾಗವಿಲ್ಲ.
ಆಟ ಸೆಕೆಂಡಿಗೆ ಅರವತ್ತು ಸಲ ಬಾಗಿಲು ತೆರೆದು ನೋಡುತ್ತೆ;
ನನ್ನ ನೆಂಟ ಬಾಗಿಲು ಮುಚ್ಚಿದ್ದಾಗ ಬಂದು
ಮುಚ್ಚಿದ್ದಾಗಲೇ ಹೋಗಿರುತ್ತಾನೆ.

ಐವತ್ತು ಮಿಲಿಸೆಕೆಂಡು ತಡೆ ಅಂತ ಬರೆದೆ.
ಆಮೇಲೆ ಅದನ್ನೂ ಅಳಿಸಿದೆ.
ಎಷ್ಟು ಹೊತ್ತು ಒತ್ತಬೇಕೆಂದು
ದ್ಯಾವಣ್ಣನ ಕಾಲಿಗೆ ಹೇಳಲು ನಾನು ಯಾರು?
ಕಾಲು ಇಳಿದರೆ ಒತ್ತು. ಕಾಲು ಎದ್ದರೆ ಬಿಡು.
ನಡುವಿನದೆಲ್ಲ ಅವನದು.

ಹೊರಟಿತು.

ಮೊದಲ ತಿರುವಿನಲ್ಲಿ ಅವನ ಬಲಭುಜ
ಯಾರೂ ಹೇಳದೆ ಒರಗಿತು.
ಕೊಡೆ ತೊಡೆಯಿಂದ ಜಾರಿತು; ಎತ್ತಿಡಲಿಲ್ಲ.
ನಾನು ಅರ್ಧ ಶಟರ್ ಎಳೆದು ಬಂದು ನಿಂತೆ.
ಅಷ್ಟರಲ್ಲಿ ಎದುರಿಗೆ ಒಂದು ಕಾರು, ಇನ್ನೊಂದು ಬಸ್ಸು,
ಎಲ್ಲ ಅವನ ಮೂತಿಗೇ ನೇರ, ಹಾರ್ನೋ ಹಾರ್ನು.
ಅಲ್ಲಿ ಬಲಗಡೆಗೆ ಹೋಗಬೇಕು ಅಂತ ಹೇಳಲು ಮರೆತಿದ್ದೆ.

ದ್ಯಾವಣ್ಣ ಎಡಗಡೆ ಬಿಡಲಿಲ್ಲ.
ಕಾಲೂ ಎತ್ತಲಿಲ್ಲ.
‘ಥೂ ಇವ್ರ,’ ಅಂದ,
‘ಇವ್ರಿಗೆಲ್ಲ ಲೈಸೆನ್ಸ್ ಕೊಟ್ಟೋನ್ ಯಾವನವ್ವ?’