ನೇರ ಬಸ್ಸು

ಹೊಟ್ಟೆಯಿಂದ ಕಿಡ್ನಿಗೆ ನೇರ ಬಸ್ಸಿದೆಯಾ ಮೇಡಂ?
ನಾನು ಕೇಳಿದ್ದು ಹೀಗೇ.
ಇಪ್ಪತ್ತೆರಡು ವರ್ಷ ಹೆಗಲಿಗೆ ಚೀಲ ನೇತುಹಾಕಿಕೊಂಡವಳಿಗೆ
ಬೇರೆ ಭಾಷೆ ಬರುವುದಿಲ್ಲ.
ಡಾಕ್ಟರ್ ಪ್ರಫುಲ್ಲಾ ಪೆನ್ನಿನ ಮುಚ್ಚಳ ಕಚ್ಚಿ
ಸ್ವಲ್ಪ ಹೊತ್ತು ಸುಮ್ಮನಿದ್ದು
"ಇರಬಹುದು" ಅಂದರು.

ಇರಬಹುದು.
ಈ ಮಾತಿಗೆ ನಾನು ಎಷ್ಟರ ಟಿಕೆಟ್ ಹರಿಯಲಿ?

ಮೊದಲು ಉರಿ ಇತ್ತು, ಅಷ್ಟೇ.
ಸುಮನಹಳ್ಳಿ ಸೇತುವೆ ಹತ್ತಿದೊಡನೆ
ಎದೆಗೂಡಿನ ಕೆಳಗೆ ಯಾರೋ ಒಲೆ ಹಚ್ಚುತ್ತಿದ್ದರು.
ನಮ್ಮ ಡಿಪೋದಲ್ಲಿ ಗ್ಯಾಸ್ಟ್ರಿಕ್ ಅನ್ನುವುದು ಕಾಯಿಲೆಯಲ್ಲ,
ಯೂನಿಫಾರಂ ಜೊತೆ ಕೊಡುವ ಮೂರನೇ ಬಟ್ಟೆ.
ನಾಲ್ಕೂಮುಕ್ಕಾಲಿಗೆ ಒಂದು ಟೀ,
ಮೂರನೇ ಟ್ರಿಪ್ಪಿಗೆ ಇನ್ನೊಂದು,
ನೀರು ಮಾತ್ರ ಬೇಡ.
ಲಗ್ಗೆರೆ ಕೊನೇ ಸ್ಟಾಪಿನಲ್ಲಿ ಗಂಡಸರಿಗೆ ಗೋಡೆ ಇದೆ,
ನನಗೇನಿದೆ?
ಗುಲಾಬಿ ಕ್ಯಾಪ್ಸೂಲ್ ಇತ್ತು, ಖಾಲಿ ಹೊಟ್ಟೆಗೆ ಒಂದು.
ಮೆಡಿಕಲ್ ಶಾಪಿನ ಹುಡುಗ ನನ್ನ ಮುಖ ಕಂಡರೆ ಸಾಕು,
ಕೇಳದೆಯೇ ಪಟ್ಟಿ ಕತ್ತರಿಸಿ ಕೊಡುತ್ತಿದ್ದ.
ಏಳು ವರ್ಷ.

ಆಮೇಲೆ ಡಿಪೋದ ಶಿಬಿರದಲ್ಲಿ ರಕ್ತ ತೆಗೆದರು.
ನೋವಿಲ್ಲ, ಸದ್ದಿಲ್ಲ, ಚೀಟಿಯಲ್ಲಿ ಮಾತ್ರ
ಕ್ರಿಯಾಟಿನಿನ್: ಎರಡು ಪಾಯಿಂಟ್ ಒಂದು.
"ಎರಡು ಅಂದ್ರೆ ಕಮ್ಮಿ ಅಲ್ವೇನಮ್ಮ?" ಅಂದ ಡ್ರೈವರ್ ಗಂಗಹನುಮಯ್ಯ.
ಎರಡು ರೂಪಾಯಿ ಚಿಲ್ಲರೆಗೆ
ಮಾರ್ಕೆಟ್ಟಿನಿಂದ ನಾಯಂಡಹಳ್ಳಿವರೆಗೆ ನಡೆವ ಜಗಳವನ್ನು
ದಿನಾ ಬೆನ್ನಿನಲ್ಲಿ ಕೇಳುವವನು!

ಒಂದು ಚೀಲಕ್ಕೆ ಉಸಿರು ಊದಿಸಿದರು.
ಟ್ರಾಫಿಕ್ ಪೊಲೀಸರು ಕುಡುಕರಿಗೆ ಊದಿಸುವ ಹಾಗೆ.
ನನ್ನ ಉಸಿರೇ ನನ್ನ ಮೇಲೆ ಚಾಡಿ ಹೇಳಿತು:
ಒಳಗೊಬ್ಬ ಇದ್ದಾನೆ.
ತಿರುಪಿನಂತೆ ಸುತ್ತಿದ ಮೈ, ಹಿಂದೆ ನಾಲ್ಕಾರು ಬಾಲ,
ಮೊಳೆ ಕರಗಿಸುವಂಥ ಹುಳಿಯಲ್ಲಿ ಮನೆ ಮಾಡಿಕೊಂಡು
ಆರಾಮಾಗಿ.
ಯಾವ ಸ್ಟಾಪಿನಲ್ಲಿ ಹತ್ತಿದ?
ಚಿಕ್ಕಂದಿನಲ್ಲೇ ಇರಬಹುದು, ಅಂದರು.

ಕಾಮಾಕ್ಷಿಪಾಳ್ಯದ ವಠಾರ ನೆನಪಾಯಿತು.
ಒಂದು ತಣಿಗೆ, ಐದು ಕೈ.
ಸುಡುವ ಮುದ್ದೆಯ ಚೂರನ್ನು ಅವ್ವ
ತನ್ನ ಬಾಯಲ್ಲಿ ಆರಿಸಿ ನನ್ನ ಬಾಯಿಗಿಡುತ್ತಿದ್ದಳು.
ಅವಳ ಮೇಲೆ ಕೇಸು ಹಾಕಲೇ?
ತುತ್ತಿನ ಜೊತೆ ಬಂದವನಿಗೆ
ಪಾಸಿಲ್ಲ, ಆಧಾರ್ ಇಲ್ಲ,
ನಲವತ್ತು ವರ್ಷ ಚೆಕಿಂಗಿನವರು ಹತ್ತಲೇ ಇಲ್ಲ.

ಡಾಕ್ಟರು ಚೀಟಿಯ ಹಿಂದೆ ಚಿತ್ರ ಬರೆದರು.
ಹೊಟ್ಟೆಯ ಸಣ್ಣ ಕಿಚ್ಚು ಆರದೆ ಉಳಿದರೆ
ಅದರ ಹೊಗೆ ರಕ್ತ ಹತ್ತಿ ಹೋಗಿ
ಕಿಡ್ನಿಯ ಜರಡಿಗೆ ಮಸಿ ಹಿಡಿಸಬಹುದು.
ಅಥವಾ ಉಲ್ಟಾ:
ಜರಡಿಯೇ ಮೊದಲು ಸೋತು, ಯೂರಿಯಾ ಉಕ್ಕಿ,
ಅದನ್ನೇ ಉಂಡು ಅವನು ಕೊಬ್ಬಿರಬಹುದು.
ಇಲ್ಲವೇ ಬೇರೆ ಬೇರೆ ಸ್ಟಾಪಿನಲ್ಲಿ ಹತ್ತಿ
ಒಂದೇ ಸೀಟಿನಲ್ಲಿ ಕೂತ ಗುರುತಿಲ್ಲದವರಿರಬಹುದು.
"ಕೆಲವರು ಹೌದು ಅಂತಾರೆ,
ಕೆಲವರು ಲೆಕ್ಕ ಕೂಡ್ತಿಲ್ಲ ಅಂತಾರೆ.
ಆ ಗುಲಾಬಿ ಕ್ಯಾಪ್ಸೂಲ್ ಎಷ್ಟು ವರ್ಷ ಅಂದಿರಿ?"
ಪೆನ್ನು ಅಲ್ಲೇ ನಿಂತಿತು.
ನೀರಿನ ವಿಷಯ ಅವರು ಕೇಳಲಿಲ್ಲ,
ನಾನು ಹೇಳಲಿಲ್ಲ.

ಹದಿನಾಲ್ಕು ದಿನ ಮಾತ್ರೆ.
ಬಾಯಿ ತುಂಬ ನಾಣ್ಯದ ರುಚಿ.
ರಶ್ಶಿನಲ್ಲಿ ಎರಡೂ ಕೈ ಬೇಕಾದಾಗ
ತುಟಿಯಲ್ಲಿ ಕಚ್ಚಿಕೊಂಡ ಐದು ರೂಪಾಯಿ ಬಿಲ್ಲೆಗಳೆಲ್ಲ
ಈಗ ಒಟ್ಟಿಗೆ ಕರಗಿದಂತೆ
ಅನ್ನ ನಾಣ್ಯ, ಕಾಫಿ ನಾಣ್ಯ, ನಿದ್ದೆಯೂ ನಾಣ್ಯ.
ಮತ್ತೆ ಊದಿದೆ. ಅವನಿಲ್ಲ.
ಉರಿಯೂ ಇಲ್ಲ.
ಎರಡು ಪಾಯಿಂಟ್ ಒಂದು ಮಾತ್ರ
ಫುಟ್‌ಬೋರ್ಡಿನ ಕಾಲೇಜು ಹುಡುಗನ ಹಾಗೆ
ಒಳಗೂ ಹತ್ತುತ್ತಿಲ್ಲ, ಇಳಿಯುತ್ತಲೂ ಇಲ್ಲ.

ರಾತ್ರಿ ಡಿಪೋದಲ್ಲಿ ವೇಬಿಲ್ ಕೂಡಿಸುತ್ತೇನೆ.
ಒಂದು ರೂಪಾಯಿ ಕಮ್ಮಿ ಬಂದರೂ ಕೈಯಿಂದ ಕಟ್ಟಬೇಕು,
ಇರಬಹುದು ಅಂದರೆ ಕ್ಯಾಷಿಯರ್ ಒಪ್ಪುವುದಿಲ್ಲ.

ಮೊನ್ನೆ ಲಗ್ಗೆರೆಯಲ್ಲಿ ಇಳಿದು
ಬೇಕರಿ ಹಿಂದಿನ ಮನೆಯ ಬಾಗಿಲು ತಟ್ಟಿದೆ.
ಹೆಸರೂ ಕೇಳದೆ ಆ ಹೆಂಗಸು ಬಚ್ಚಲ ದೀಪ ಹಾಕಿದಳು.
ನಾಲ್ಕು ನಿಮಿಷ ತಡವಾಯಿತು,
ಗಂಗಹನುಮಯ್ಯ ಹಾರನ್ ಹೊಡೆಯಲಿಲ್ಲ.
ಬಾಗಿಲ ಮೆಟ್ಟಿಲ ಮೇಲೆ ನಿಂತು ಬಾಟಲಿ ತೆರೆದು
ಇಡೀ ಬಸ್ಸು ನೋಡುತ್ತಿರುವಾಗಲೇ ಗಟಗಟ ಕುಡಿದು,
ಚಾಡಿ ಹೇಳಿದ ಅದೇ ಉಸಿರಲ್ಲಿ
ಸೀಟಿ ಊದಿದೆ.
ರೈಟ್, ರೈಟ್.